ರಾತ್ರಿ ಕ್ವಾರ್ಟರ್, ಬೆಳಗ್ಗೆ ಹತ್ತು ಕಿಲೋಮೀಟರ್

ಆ ಶನಿವಾರ ಮಧ್ಯಾಹ್ನ ಓಟದ ಬಿಬ್ (ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ) ಇಸ್ಕೊಂಡು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಭಾವನ ಫೋನ್ ಬಂತು. "ಕಬ್ಬಿನ ದುಡ್ಡು ಬಂದದೆ ಕಣೋ ಬಾಮೈದ. ಸಂಜೆ ಪಂಪ್‌ಹೌಸ್ ಹತ್ರ ಬಂದ್ಬುಡು, ಇಲ್ಲ ಅನ್ಬೇಡ."

ಅಕ್ಕನ ಮನೆ ಪಾಂಡವಪುರದ ಪಕ್ಕದ ಹಳ್ಳಿಯಲ್ಲಿದೆ. ವಿ.ಸಿ. ನಾಲೆಯ ನೀರು, ಎರಡು ಎಕರೆ ಕಬ್ಬು. ಕಾರ್ಖಾನೆಗೆ ಕಬ್ಬು ಸಾಗಿಸಿ ತಿಂಗಳುಗಟ್ಟಲೆ ದುಡ್ಡಿಗೆ ಕಾದ ಮನುಷ್ಯ ಖುಷಿಯಾಗಿ ಕರೆದಾಗ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಪೆಗ್ಗು ಹಾಕಿ ಎದ್ದುಬರೋಣ ಅಂದುಕೊಂಡು ಬಸ್ಸು ಹತ್ತಿದೆ.

ಮಾರನೇ ಬೆಳಗ್ಗೆ 6:15ಕ್ಕೆ ಮೈಸೂರಿನ ಓವಲ್ ಮೈದಾನದಿಂದ 10 ಕಿಲೋಮೀಟರ್ ಓಟವಿತ್ತು. ನಾನು ಓಡುವುದು ನನಗಾಗಿ ಆಗಿರಲಿಲ್ಲ, ಭಾವನ ಮಗಳಿಗಾಗಿ. ಅವಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಡಿಗ್ರಿ ಓದುತ್ತಾಳೆ. ನಾಲ್ಕು ತಿಂಗಳು, ವಾರಕ್ಕೆ ಮೂರು ದಿನ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಜೊತೆ ಓಡಿ ತಯಾರಾಗಿದ್ದಳು. ಮೊದಲ ಓಟದಲ್ಲಿ ಎಲ್ಲರೂ ಶುರುವಿನಲ್ಲೇ ಜೋರು ಓಡಿ ಕೆಡುತ್ತಾರೆ. ಅವಳು ಹಾಗೆ ಕೆಡದಂತೆ ಪಕ್ಕದಲ್ಲಿ ಒಂದೇ ಹದದಲ್ಲಿ ಓಡುತ್ತೇನೆ, ಕೊನೆಯ ಎರಡು ಕಿಲೋಮೀಟರ್ ಅವಳಿಷ್ಟದ ವೇಗಕ್ಕೆ ಬಿಟ್ಟುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಶನಿವಾರವಾದ್ದರಿಂದ ಅಕ್ಕನ ಮನೆಯಲ್ಲಿ ಬಾಡು ಬೇಯಿಸುವುದಿಲ್ಲ. ಪಂಪ್‌ಹೌಸ್ ಮುಂದೆ ನಂಜಿಕೊಳ್ಳಲು ಇದ್ದದ್ದು ಹುರಿದ ಕಡ್ಲೆಬೀಜ, ಸೌತೆಕಾಯಿ, ಖಾರ. ಬರೀ ಹೊಟ್ಟೆಗೆ ಬಿದ್ದ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಬೇಗ ಏರುತ್ತದೆ, ಏರಿದ ಮೇಲೆ ಲೆಕ್ಕ ತಪ್ಪುತ್ತದೆ. ಏಳೂವರೆಗೆ ಶುರು. ಹತ್ತೂವರೆಗೆ ಮುಗಿದಾಗ ನಾನು ಒಂದು ಕ್ವಾರ್ಟರ್, ಅದರ ಮೇಲೊಂದು ನೈಂಟಿ ಕುಡಿದಿದ್ದೆ. ಕುಡಿಯದ ಪಕ್ಕದ ಮನೆಯ ಹುಡುಗನೊಬ್ಬ ಕಾರಿನಲ್ಲಿ ಸರಸ್ವತಿಪುರಂನ ನನ್ನ ಮನೆವರೆಗೆ ತಂದುಬಿಟ್ಟ.

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ನಾಲಿಗೆ ಅಂಗುಳಿಗೆ ಅಂಟಿತ್ತು, ಎದೆ ಡವಡವ. ಕೈಗಡಿಯಾರ ನೋಡಿದೆ. ಮಲಗಿದ್ದಾಗ 54ರ ಆಸುಪಾಸಿನಲ್ಲಿರುವ ನನ್ನ ನಾಡಿ 81 ತೋರಿಸುತ್ತಿತ್ತು. ಮತ್ತೆ ನಿದ್ದೆ ಹತ್ತಲಿಲ್ಲ. ಕುಡಿದ ರಾತ್ರಿಯ ನಿದ್ದೆ ಹೀಗೇ. ಮೊದಲರ್ಧ ಕಲ್ಲಿನ ಹಾಗೆ ಬೀಳುತ್ತೇವೆ, ಮದ್ಯ ಇಳಿಯತೊಡಗಿದಂತೆ ಎರಡನೇ ಅರ್ಧ ಚೂರುಚೂರಾಗುತ್ತದೆ.

ಕತ್ತಲಲ್ಲಿ ಕೂತು ಲೆಕ್ಕ ಹಾಕಿದೆ. ಈ ಲೆಕ್ಕ ಪ್ರತಿ ಓಟಗಾರನಿಗೂ ಗೊತ್ತಿರಬೇಕು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ಅಂದರೆ 60 ಮಿಲಿಯ ಒಂದು ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಕ್ವಾರ್ಟರ್ ಎಂದರೆ 180 ಮಿಲಿ, 60 ಗ್ರಾಂ. ನೈಂಟಿಯದು ಇನ್ನೊಂದು 30. ಒಟ್ಟು 90 ಗ್ರಾಂ. ಯಕೃತ್ತು ಇದನ್ನು ಕರಗಿಸುವುದು ಗಂಟೆಗೆ ಸುಮಾರು 7ರಿಂದ 10 ಗ್ರಾಂ, ಅದೂ ದೇಹದಿಂದ ದೇಹಕ್ಕೆ ಬೇರೆ. 8 ಗ್ರಾಂ ಎಂದು ಹಿಡಿದರೂ 11 ಗಂಟೆಗಿಂತ ಹೆಚ್ಚು ಬೇಕು. ಏಳೂವರೆಗೆ ಕುಡಿಯಲು ಕೂತವನ ರಕ್ತ ಶುದ್ಧವಾಗುವುದು ಬೆಳಗ್ಗೆ ಆರೂ ಮುಕ್ಕಾಲಿಗೆ. ಓಟ ಶುರುವಾಗುವುದು ಆರೂಕಾಲಿಗೆ. ಅಂದರೆ ನಾನು 'ಕುಡಿದ ಮಾರನೇ ದಿನ' ಓಡಲು ಹೊರಟಿರಲಿಲ್ಲ, ಕುಡಿದಿರುವಾಗಲೇ ಓಡಲು ಹೊರಟಿದ್ದೆ. ಅದು ತಿಳಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಈ ವೇಗವನ್ನು ಕಾಫಿ ಹೆಚ್ಚಿಸುವುದಿಲ್ಲ, ತಣ್ಣೀರು ಸ್ನಾನ ಹೆಚ್ಚಿಸುವುದಿಲ್ಲ, ಓಟವೂ ಹೆಚ್ಚಿಸುವುದಿಲ್ಲ. "ಬೆವರು ಸುರಿದರೆ ಎಲ್ಲಾ ಇಳಿದುಹೋಗುತ್ತೆ" ಎಂದು ನಮ್ಮ ಓಟದ ಗೆಳೆಯರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಬೆವರು, ಉಸಿರು, ಮೂತ್ರ ಮೂರೂ ಸೇರಿ ಹೊರಹೋಗುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ಯಕೃತ್ತಿನ ಕೆಲಸ, ಅದು ತನ್ನ ವೇಗದಲ್ಲೇ ಮಾಡುತ್ತದೆ.

ಹೋಗದೇ ಇರಬಹುದಿತ್ತು. ಇವತ್ತು ಯಾರಾದರೂ ಅದೇ ಸ್ಥಿತಿಯಲ್ಲಿ ಕೇಳಿದರೆ ಹೋಗಬೇಡಿ ಎಂದೇ ಹೇಳುತ್ತೇನೆ. ಆದರೆ ಐದು ಗಂಟೆಗೆ ಅವಳು ಒಬ್ಬಳೇ ಮೈದಾನದ ಮೂಲೆಯಲ್ಲಿ ನಿಂತಿರುವ ಚಿತ್ರ ಕಣ್ಣಿಂದ ಹೋಗಲಿಲ್ಲ. ನಡೆದು ಹೋಗಿ ಸ್ಥಿತಿ ಹೇಗಿದೆ ನೋಡೋಣ, ಓಡಲಾಗದಿದ್ದರೆ ದಾರಿಯಲ್ಲಿ ನಿಲ್ಲೋಣ ಎಂದು ನಿರ್ಧರಿಸಿದೆ. ಸ್ಕೂಟರ್ ಮುಟ್ಟಲಿಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ವಾಹನ ಓಡಿಸುವುದು ಅಪರಾಧ, ಆ ಹೊತ್ತಿಗೆ ನಾನು ಆ ಗೆರೆಯ ಆಸುಪಾಸಿನಲ್ಲೇ ಇದ್ದಿರಬೇಕು.

ಒಂದು ಲೀಟರ್ ನೀರಿಗೆ ಒಂದು ಪಾಕೀಟು ಓಆರ್‌ಎಸ್ ಬೆರೆಸಿ, ಮೂರು ಗಂಟೆಯಿಂದ ಗುಟುಕು ಗುಟುಕಾಗಿ ಕುಡಿದೆ. ಗಟಗಟ ಕುಡಿದರೆ ವಾಂತಿಯಾಗುತ್ತದೆ. ಬರೀ ನೀರು ಸಾಲದು. ದೇಹದಲ್ಲಿ ನೀರು ಉಳಿಸಿಕೋ ಎಂದು ಮೂತ್ರಪಿಂಡಕ್ಕೆ ಹೇಳುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಮದ್ಯ ತಡೆಯುತ್ತದೆ. ರಾತ್ರಿ ಮತ್ತೆ ಮತ್ತೆ ಎದ್ದು ಹೋಗಿದ್ದು ಅದಕ್ಕೇ. ಆಮೇಲೆ ಎರಡು ಏಲಕ್ಕಿ ಬಾಳೆಹಣ್ಣು, ಬೆಲ್ಲದ ಒಂದು ಅಚ್ಚು. ಯಕೃತ್ತು ಮದ್ಯ ಕರಗಿಸುವ ಕೆಲಸದಲ್ಲಿ ಮುಳುಗಿರುವಾಗ ಹೊಸ ಸಕ್ಕರೆ ತಯಾರಿಸುವುದನ್ನು ಹಿಂದಕ್ಕೆ ಹಾಕುತ್ತದೆ, ಓಡುವಾಗ ದಿಢೀರನೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರಬಹುದು. ತಲೆ ಸಿಡಿಯುತ್ತಿತ್ತು, ಆದರೂ ಮಾತ್ರೆ ನುಂಗಲಿಲ್ಲ. ಪ್ಯಾರಾಸಿಟಮಾಲ್ ಕರಗುವುದೂ ಅದೇ ಯಕೃತ್ತಿನಲ್ಲಿ. ಐಬುಪ್ರೊಫೆನ್ ಬಗೆಯವು ಒಣಗಿದ ದೇಹದಲ್ಲಿ ಮೂತ್ರಪಿಂಡಕ್ಕೂ ಕೆರಳಿದ ಹೊಟ್ಟೆಗೂ ಕೆಟ್ಟವು.

ಮೈದಾನದಲ್ಲಿ ಅವಳು ಬಂದು ಪಕ್ಕದಲ್ಲಿ ನಿಂತಳು. ಗಡಿಯಾರ ಸರಿಮಾಡಿಕೊಂಡಳು, ಶೂ ದಾರ ಎರಡು ಸಲ ಬಿಚ್ಚಿ ಕಟ್ಟಿದಳು. ನಾನು ಆದಷ್ಟು ಮುಖ ಆಚೆ ತಿರುಗಿಸಿ ಮಾತಾಡಿದೆ.

ಕಿಲೋಮೀಟರಿಗೆ ಏಳು ನಿಮಿಷ ಎಂದು ಗೊತ್ತು ಮಾಡಿಕೊಂಡಿದ್ದೆವು. ಆ ಹದದಲ್ಲಿ ನನ್ನ ನಾಡಿ ಸಾಮಾನ್ಯವಾಗಿ 130 ದಾಟುವುದಿಲ್ಲ. ಕಲಾಮಂದಿರ ದಾಟುವಷ್ಟರಲ್ಲಿ 152. ನೀರು ಕಡಿಮೆಯಾದ ರಕ್ತವನ್ನು ತಳ್ಳಲು ಹೃದಯ ಹೆಚ್ಚು ಸಲ ಬಡಿಯಬೇಕು. 152ರಿಂದ ಮೇಲೆ ಹೋದರೆ ನಡೆಯುವುದು, ಎದೆಯಲ್ಲಿ ತಾಳ ತಪ್ಪಿದಂತಾದರೆ ನಿಂತು ಆಂಬ್ಯುಲೆನ್ಸಿನ ಕಡೆ ಹೋಗುವುದು ಎಂದು ಮನಸ್ಸಿನಲ್ಲೇ ಕಟ್ಟು ಹಾಕಿಕೊಂಡೆ. ವಾರಾಂತ್ಯದಲ್ಲಿ ಅತಿಯಾಗಿ ಕುಡಿದವರ ಹೃದಯ ತಾಳ ತಪ್ಪುವುದಕ್ಕೆ ವೈದ್ಯರು 1978ರಲ್ಲೇ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟಿದ್ದಾರೆ. ಗಟ್ಟಿಮುಟ್ಟಾದವರಿಗೂ ಅದು ಬರುತ್ತದೆ.

ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ತಣ್ಣನೆಯ ಬೆವರು ಶುರುವಾಯಿತು. ಹೊಟ್ಟೆ ತೊಳಸಿ ಬಾಯಲ್ಲಿ ನೀರೂರಿತು. ಮಾನಸಗಂಗೋತ್ರಿ ಬಳಿ 158. ನಿಂತೆ. ಅವಳೂ ನಿಂತಳು. ಅಲ್ಲಿ ಹೇಳಿದೆ. ನಿನ್ನೆ ಊರಿಗೆ ಹೋಗಿದ್ದೆ ಕಣಮ್ಮ, ನಿಮ್ಮಪ್ಪನ ಜೊತೆ ಕುಡಿದೆ, ಇನ್ನು ನಿನ್ನ ಜೊತೆ ಓಡುವ ಶಕ್ತಿ ನನ್ನಲ್ಲಿಲ್ಲ, ನನ್ನಿಂದ ತಪ್ಪಾಯಿತು.

"ಗೊತ್ತು ಮಾವ," ಅಂದಳು. "ಬಂದಾಗ್ಲೇ ವಾಸ್ನೆ ಬಂತು. ಚಿಕ್ಕವಳಿಂದ ಗೊತ್ತಿರೋ ವಾಸ್ನೆ ಅಲ್ವಾ. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಆ ಮಾತಿಗೆ ಅವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಓಡುತ್ತಲೇ ಮಾತಾಡಲು ಆಗುವಷ್ಟೇ ವೇಗ ಇಟ್ಟುಕೋ, ಬೋಗಾದಿ ರಸ್ತೆಗೆ ತಿರುಗಿದ ಮೇಲೆ ನೀರು ಕುಡಿ, ಕೊನೆಯ ಎರಡು ಕಿಲೋಮೀಟರಿನಲ್ಲಿ ನಿನ್ನಿಷ್ಟದಷ್ಟು ಜೋರು ಓಡು ಎಂದೆ. ತಲೆಯಾಡಿಸಿ ಹೊರಟಳು. ಅವಳ ಹಳದಿ ಟೀಶರ್ಟು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ. ಆಮೇಲೆ ನಡೆದೆ. ಒಂದೆರಡು ಕಡೆ ನಿಧಾನಕ್ಕೆ ಓಡಲು ನೋಡಿದೆ, ಮತ್ತೆ ನಡೆದೆ. ನಾನು ಮೈದಾನ ತಲುಪಿದಾಗ ಒಂದು ಗಂಟೆ 31 ನಿಮಿಷವಾಗಿತ್ತು. ಅವಳು ಒಂದು ಗಂಟೆ ಎಂಟು ನಿಮಿಷಕ್ಕೇ ಮುಗಿಸಿ, ಪದಕ ಕೊರಳಿಗೆ ಹಾಕಿಕೊಂಡು, ನನಗಾಗಿ ಉಪ್ಪು ಹಾಕಿದ ಮಜ್ಜಿಗೆ ಹಿಡಿದು ಕಾಯುತ್ತಿದ್ದಳು. ಆ ದಿನ ನನ್ನ ಹೊಟ್ಟೆಯಲ್ಲಿ ನಿಂತ ಮೊದಲ ಪದಾರ್ಥ ಅದು. ಮಧ್ಯಾಹ್ನ ರಾಗಿ ಗಂಜಿ, ಸಂಜೆವರೆಗೆ ನಿದ್ದೆ. ನಾಡಿ 54ಕ್ಕೆ ಮರಳಲು ಮಂಗಳವಾರ ಬೆಳಗಾಯಿತು.

ಅದಾದ ಮೇಲೆ ಒಂದು ಸಲ, ಮದ್ದೂರಿನಲ್ಲಿ ಚಿಕ್ಕಪ್ಪನ ಮಗನ ಆರತಕ್ಷತೆ ಮುಗಿಸಿ ಮಾರನೇ ದಿನ ಓಡಿದ್ದೇನೆ. ಆಗ ಲೆಕ್ಕ ಮೊದಲೇ ಹಾಕಿದ್ದೆ. ಹೊಟ್ಟೆ ತುಂಬ ಊಟ ಮಾಡಿ, ಎರಡೇ ಪೆಗ್ಗು, ಎಂಟು ಗಂಟೆಗೆ ಲೋಟ ಕವುಚಿಟ್ಟು, ಪ್ರತಿ ಪೆಗ್ಗಿಗೆ ಎರಡು ಲೋಟ ನೀರು. 40 ಗ್ರಾಂ ಎಂದರೆ ಐದಾರು ಗಂಟೆ, ಬೆಳಗಿನ ಜಾವಕ್ಕೆಲ್ಲ ಇಳಿದಿರುತ್ತದೆ. ಆದರೂ ನಿದ್ದೆ ಕೆಟ್ಟಿತ್ತು, ಮಾಮೂಲಿಗಿಂತ ಆರು ನಿಮಿಷ ತಡವಾಯಿತು. ರಕ್ತ ಶುದ್ಧವಾದ ಮಾತ್ರಕ್ಕೆ ದೇಹ ಸುಧಾರಿಸಿಕೊಂಡಿರುವುದಿಲ್ಲ ಎಂಬುದು ನನಗೆ ಅರ್ಥವಾಗಿದ್ದು ಅವತ್ತು. ಈಗ ಓಟದ ಹಿಂದಿನ ಎರಡು ರಾತ್ರಿ ಮುಟ್ಟುವುದೇ ಇಲ್ಲ. ಎದ್ದಾಗ ನಾಡಿ ಮಾಮೂಲಿಗಿಂತ ಹತ್ತು ಹೆಚ್ಚಿದ್ದರೆ, ಕಾರಣ ಏನೇ ಇರಲಿ, ಬಿಬ್ ಮನೆಯಲ್ಲೇ ಬಿಟ್ಟು ನೀರು ಹಂಚುವ ಮೇಜಿನ ಹತ್ತಿರ ಹೋಗಿ ನಿಲ್ಲುತ್ತೇನೆ.

ಈ ಸಲದ ಓಟ ಬರುವ ಭಾನುವಾರ. ಅವಳು 21 ಕಿಲೋಮೀಟರಿಗೆ ಹೆಸರು ಕೊಟ್ಟಿದ್ದಾಳೆ, ನಾನೂ. ಭಾವನಿಗೆ ನಾನೇ ಫೋನ್ ಮಾಡಿ ಹೇಳಿದೆ, ಶನಿವಾರ ಕರೀಬೇಡಿ, ಓಟ ಮುಗಿಸಿಕೊಂಡು ಭಾನುವಾರ ಮಧ್ಯಾಹ್ನ ಬರ್ತೀವಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಭಾನ್ವಾರ ಅಂದ್ರೆ ನಾಟಿ ಕೋಳಿ ಕುಯ್ಯಬೋದು," ಅಂದರು. "ಅವ್ಳುನ್ನೂ ಕರ್ಕಂಡ್ ಬಾ. ಎಷ್ಟೊತ್ತಿಗೆ ಬತ್ತೀರಿ?"