ಕೊಲೈಟಿಸ್ ಇಟ್ಕೊಂಡು ಮಂಡ್ಯದ ಊಟ: ನನ್ನ ಅನುಭವ

ಅಲ್ಸರೇಟಿವ್ ಕೊಲೈಟಿಸ್ ಅಂದ್ರೆ ದೊಡ್ಡ ಕರುಳಿನ ಒಳಪದರ ಊದ್ಕೊಂಡು ಹುಣ್ಣಾಗೋದು, ರಕ್ತ ಲೋಳೆ ಎಲ್ಲಾ ಬೀಳ್ತದೆ, ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಸ್ಟೋರಲ್ಲಿ ಮಾತ್ರೆ ಇಸ್ಕೊಂಡು ನುಂಗೋ ಕಾಯಿಲೆ ಇದಲ್ಲ. ಊಟ ಬದಲಾಯಿಸಿದ್ದಕ್ಕೆ ನಂಗೆ ವಾಸಿಯಾಯ್ತು ಅಂತ ಹೇಳಕ್ಕೂ ಬಂದಿಲ್ಲ, ಕರುಳಿನ ಊತ ಇಳಿಸೋ ಮೆಸಲಮೈನ್ ಔಷಧಿ ಇವತ್ತಿಗೂ ತಗೋತೀನಿ. ಊಟದಿಂದ ಆಗಿದ್ದು ಅಂದ್ರೆ ನೋವು, ಉಬ್ಬರ, ಅರ್ಜೆಂಟಾಗಿ ಓಡೋದು ಕಮ್ಮಿ ಆಗಿದ್ದು, ದಿನಾ ಟ್ರೈನಲ್ಲಿ ಮೈಸೂರಿಗೆ ಹೋಗ್ಬರೋ ನನ್ನಂಥೋನಿಗೆ ಅದೇ ಬೇಕಾದಷ್ಟಾಯ್ತು.

ನೆಟ್ಟಲ್ಲಿ ಹುಡುಕಿದ್ರೆ ಓಟ್ಸು, ಸಾಲ್ಮನ್ನು, ಬೆಣ್ಣೆಹಣ್ಣು ಅಂತಾರೆ. ನಮ್ಮನೇಲಿ ಇರೋದು ಮುದ್ದೆ, ಉಪ್ಸಾರು, ಬಸ್ಸಾರು, ಕಾಳು. ಹಂಗಾಗಿ ಊಟ ಬಿಡೋ ಬದ್ಲು ಅದ್ರಲ್ಲಿರೋ ಸಿಪ್ಪೆ, ಹೊಟ್ಟು, ನಾರು ಎಷ್ಟು ತೆಗೀಬೋದು ಅಂತ ನೋಡ್ಕೊಂಡೆ. ಕಾಯಿಲೆ ಕೆರಳಿದಾಗ ತೆಗೆಯೋದು, ತಣ್ಣಗಾದ್ಮೇಲೆ ಒಂದೊಂದಾಗಿ ವಾಪಸ್ ಸೇರಿಸೋದು, ಅಷ್ಟೇ.

ರಾಗಿ ವಿಷ್ಯಕ್ಕೇ ಮನೇಲಿ ದೊಡ್ಡ ಗಲಾಟೆ. "ಮುದ್ದೆ ಬುಟ್ರೆ ಮೈಗೆ ಕಸುವು ಎಲ್ಲಿಂದ ಬತ್ತದೆ ಮಗ" ಅಂತ ಅವ್ವ. ಅವ್ವ ಹೇಳೋದ್ರಲ್ಲೂ ನ್ಯಾಯ ಇದೆ, ನೂರು ಗ್ರಾಂ ರಾಗಿಲಿ 340 ಮಿಲಿಗ್ರಾಂ ಮೇಲೇ ಕ್ಯಾಲ್ಸಿಯಂ ಇರ್ತದೆ, ಸ್ಟೀರಾಯ್ಡ್ ತಗೊಂಡು ಮೂಳೆ ಸವೆಯೋ ನಮ್ಮಂಥೋರಿಗೆ ಅದು ಬೇಕು. ಆದ್ರೆ ನಾರೂ ಸುಮಾರು 11 ಗ್ರಾಂ ಇದೆ, ಅದ್ರ ಮೇಲೆ ಮುದ್ದೆನ ಅಗಿಯಂಗೂ ಇಲ್ಲ, ನುಂಗೋದು! ಕೊನೆಗೆ ಅವ್ವನೇ ದಾರಿ ಮಾಡಿದ್ಲು, ಕೂಸುಗಳಿಗೆ ಮಾಡ್ತಾರಲ್ಲ ಹಂಗೆ. ರಾಗಿ ರಾತ್ರಿ ನೆನೆಹಾಕಿ, ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ, ನುಣ್ಣಗೆ ರುಬ್ಬಿ ಬಿಳಿ ಪಂಚೆ ತುಂಡಲ್ಲಿ ಹಿಂಡೋದು. ಕೆಂಪು ಹೊಟ್ಟೆಲ್ಲ ಬಟ್ಟೇಲೇ ಉಳೀತದೆ, ಕೆಳಗೆ ಹಾಲು ಬೀಳ್ತದೆ, ಅದನ್ನ ಸಣ್ಣ ಉರೀಲಿ ಕೈ ಬಿಡದಂಗೆ ತಿರುವಿ, ಆರಿದ್ಮೇಲೆ ಉಪ್ಪು ಮಜ್ಜಿಗೆ ಹಾಕ್ಕೊಂಡು ಕುಡಿಯೋದು. ಹೊಟ್ಟಿನ ಜೊತೆ ಒಂದಷ್ಟು ಕ್ಯಾಲ್ಸಿಯಮ್ಮೂ ಹೋಗ್ತದೆ, ಹೋಗ್ಲಿ ಬಿಡಿ, ಕೆರಳಿರೋ ಹೊಟ್ಟೇಲಿ ಉಳಿಯೋದೇ ಮುಖ್ಯ.

ಬಸ್ಸಾರು ಉಪ್ಸಾರಲ್ಲಿ ಇನ್ನೂ ಸುಲಭ, ಸೊಪ್ಪು ಕಾಳು ಬೇಯಿಸಿ ಕಟ್ಟು ಬಸಿದೇ ಬಸಿತಾರೆ, ಪಲ್ಯ ಮನೆಯವರಿಗೆ, ತಿಳಿ ಕಟ್ಟು ನಂಗೆ, ಮೆತ್ತಗೆ ಬೆಂದ ಅನ್ನಕ್ಕೆ. ಅವರೆಕಾಯಿ ಕಾಲದಲ್ಲಿ ಇಡೀ ಕಾಳು ತಿಂದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ, ಹಿದುಕಿದ ಬೇಳೆ ಸಾರಾದ್ರೆ ಒಂದು ಸೌಟು ನಡೀತದೆ. ಇದು ನನ್ನ ಹೊಟ್ಟೆ ಲೆಕ್ಕ, ನಿಮ್ಮದು ಬೇರೆ ಇರ್ಬೋದು. ಸೋರೆಕಾಯಿ ಸೀಮೆಬದನೆ ಸಿಪ್ಪೆ, ಒಳಗಿನ ಬೀಜದ ತಿರುಳು ತೆಗೆದು, ಮೊಟ್ಟೆ, ಚೆನ್ನಾಗಿ ಕಳಿತ ಬಾಳೆಹಣ್ಣು, ಇವು ಯಾವತ್ತೂ ಕೈಕೊಟ್ಟಿಲ್ಲ. ಹಾಲು ಆಗಲ್ಲ, ಮೊಸರಾಗ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆನ ಒಂದಷ್ಟು ಮೊದ್ಲೇ ಮುಗಿಸಿರ್ತವೆ. ಭೇದಿ ಜಾಸ್ತಿ ಇದ್ರೆ ಓಆರ್‌ಎಸ್.

ವಾಪಸ್ ಸೇರಿಸೋವಾಗ ಒಂದು ಹಳೇ ಡೈರಿ ಇಟ್ಕೊಂಡೆ. ಹೊಸದು ಒಂದೇ ಐಟಂ, ಸ್ವಲ್ಪವೇ, ಎರಡ್ಮೂರು ದಿನ ನೋಡಿ ಆಮೇಲೆ ಇನ್ನೊಂದು. ಒಟ್ಟಿಗೆ ಎರಡು ಶುರು ಮಾಡಿದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ. ಆರಾಮಿದೆ ಅನ್ಸಿದ್ರೂ ಕರುಳಲ್ಲಿ ಊತ ಇದ್ಯಾ ಅಂತ ನೋಡೋಕೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಮಾಡ್ಸಿ ಡಾಕ್ಟ್ರ ಹತ್ರ ತೋರಿಸ್ತೀನಿ, ಯಾಕಂದ್ರೆ ಹೊಟ್ಟೆ ಸುಮ್ನಿದ್ರೂ ಒಳಗೆ ಊತ ಇರ್ಬೋದು. ರಕ್ತ ಬಂದ್ರೆ, ಜ್ವರ ಬಂದ್ರೆ, ತೂಕ ಇಳಿದ್ರೆ ಗಂಜಿ ಕುಡ್ಕೊಂಡು ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಮಂಡಿನೋವು ತಲೆನೋವು ಅಂತ ಡೈಕ್ಲೋಫೆನಾಕು ಐಬುಪ್ರೊಫೆನ್ನು ಡಾಕ್ಟ್ರನ್ನ ಕೇಳ್ದೆ ನುಂಗ್ಬೇಡಿ, ಕಾಯಿಲೆ ಕೆರಳಿಸೋದ್ರಲ್ಲಿ ಅವೂ ಇವೆ.

ಬೀಗರೂಟಕ್ಕೆ ಕರೆದ್ರೆ ಮನೇಲೇ ಅರ್ಧ ಊಟ ಮುಗಿಸ್ಕೊಂಡು ಹೋಗ್ತೀನಿ, ಎಲೆ ಮೇಲೆ ಅನ್ನ ಮೊಸರು, ಹಾಕಿದ್ರೆ ಎರಡು ಮೆತ್ತನೆ ಕೋಳಿ ತುಂಡು, ಬೋಟಿ ಕಡೆ ತಲೆ ಹಾಕಲ್ಲ. ಈಗ ಆರಾಮಿರೋದ್ರಿಂದ ಮಧ್ಯಾಹ್ನ ಸಣ್ಣದೊಂದು ಮುದ್ದೆನೂ ಇದೆ, ಜರಡಿ ಹಿಡಿದ ಹಿಟ್ಟಿಂದು. ಉಪ್ಸಾರಿನ ಹಸಿಮೆಣಸಿನಕಾಯಿ ಖಾರ ಮಾತ್ರ ಇನ್ನೂ ಆಗ್ತಿಲ್ಲ, ನಂಗೆ ಬೇರೆ ಕಾಳುಮೆಣಸು ಜೀರಿಗೆ ಹುಣಸೆಹಣ್ಣಲ್ಲೇ ಅರೆದು ಕೊಡ್ತಾರೆ.