ಸೇನೆಯಿಂದ ಹರಾಜಿಗೆ ಬಂದ ಜಿಪ್ಸಿ: ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು

ಸೇನೆಯ ಸೇವೆ ಮುಗಿಸಿದ ಮಾರುತಿ ಜಿಪ್ಸಿಯನ್ನು ಹರಾಜಿನಲ್ಲೋ, ಹರಾಜು ಹಿಡಿದ ವ್ಯಾಪಾರಿಯಿಂದಲೋ ಕೊಂಡು ತಂದವರು ಮೊದಲು ಹಣ ಸುರಿಯುವುದು ಬಣ್ಣಕ್ಕೆ, ಅಗಲ ಟೈರಿಗೆ ಮತ್ತು ಬಂಪರಿಗೆ. ಈ ಕ್ರಮ ತಲೆಕೆಳಗಾದದ್ದು. ಸೇನೆಯ ಗಾಡಿಗಳು ಓಡಿ ಸವೆದಿರುವುದಕ್ಕಿಂತ ನಿಂತು ಕೆಟ್ಟಿರುವುದೇ ಹೆಚ್ಚು. ಬಳಕೆಯಿಂದ ತೆಗೆದ ಮೇಲೆ ಹರಾಜಾಗುವವರೆಗೆ ಅವು ಬಯಲಿನಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುತ್ತವೆ, ಆ ಅವಧಿಯಲ್ಲಿ ರಬ್ಬರು ಬಿರುಕು ಬಿಡುತ್ತದೆ, ಬ್ರೇಕ್ ಆಯಿಲ್ ನೀರು ಹೀರುತ್ತದೆ, ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮೊದಲು ಬ್ರೇಕ್, ಆಮೇಲೆ ಮುಂದಿನ ಆಕ್ಸಲ್ ಮತ್ತು ಆಯಿಲುಗಳು, ನಂತರ ಇಂಧನ, ಕೂಲಿಂಗ್ ಮತ್ತು ವೈರಿಂಗ್, ಕೊನೆಗೆ ಬಣ್ಣ ಎಂಬ ಸರದಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಪ್ಯಾನರ್ ಹಿಡಿಯುವ ಮುನ್ನ ಕಾಗದಪತ್ರಗಳನ್ನು ನೋಡಿಕೊಳ್ಳಬೇಕು. ಹರಾಜಿನ ಮಾರಾಟ ಪತ್ರದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಗಳಿಗೆ ಹೊಂದಬೇಕು. ಹೊಂದದಿದ್ದರೆ ಆರ್‌ಟಿಓ ಕಚೇರಿಯಲ್ಲಿ ನೋಂದಣಿ ನಿಲ್ಲುತ್ತದೆ. ಸೇನೆಯ ಇನ್ನೊಂದು ಹಳೆಯ ಜೀಪಾದ ಜೋಂಗಾ ಕೊಳ್ಳುವವರು ಇಲ್ಲಿ ಇನ್ನೂ ಎಚ್ಚರದಿಂದಿರಬೇಕು. ನಿಸಾನ್ ವಿನ್ಯಾಸದ ಮೇಲೆ ಜಬಲ್ಪುರದಲ್ಲಿ ತಯಾರಾದ ಆ ಗಾಡಿಯ ಮೂಲ ಎಂಜಿನ್ ಸುಮಾರು 4 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದರ ಪೆಟ್ರೋಲ್ ಖರ್ಚು ತಾಳಲಾರದೆ ಬಹಳ ಮಂದಿ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ, ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ತೊಂದರೆ ಹೊಸ ಮಾಲೀಕರ ತಲೆಗೆ ಬರುತ್ತದೆ. ಇನ್ನು ಬಣ್ಣ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಎಷ್ಟೇ ಆಸೆಯಿದ್ದರೂ ಅದನ್ನು ಉಳಿಸಿಕೊಳ್ಳುವಂತಿಲ್ಲ.

ಬ್ರೇಕಿನ ಕೆಲಸದಲ್ಲಿ ಅರೆಬರೆ ಮಾಡಬಾರದು. ಪೆಡಲ್ ಗಟ್ಟಿಯಾಗಿದೆ ಎಂಬುದು ಸಾಕ್ಷಿಯಲ್ಲ, ಏಕೆಂದರೆ ನೀರು ಹೀರಿದ ಹಳೆಯ ಆಯಿಲ್ ತಣ್ಣಗಿರುವಾಗ ಚೆನ್ನಾಗಿಯೇ ಒತ್ತಡ ಕೊಟ್ಟು, ಇಳಿಜಾರಿನಲ್ಲಿ ಬಿಸಿಯೇರಿದಾಗ ಕುದಿದು ಆವಿಯಾಗುತ್ತದೆ, ಆಗ ಪೆಡಲ್ ನೇರವಾಗಿ ನೆಲಕ್ಕೆ ಹೋಗುತ್ತದೆ. ಹಿಂದಿನ ಡ್ರಮ್ಮುಗಳನ್ನು ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳವನ್ನು ಸರಿಸಿ ನೋಡಿದರೆ ಒಳಗೆ ತೇವವೋ ತುಕ್ಕೋ ಕಾಣುತ್ತದೆ. ಸಿಲಿಂಡರಿನ ಒಳಗೋಡೆಯಲ್ಲಿ ಗುಳಿಗಳಿದ್ದರೆ ರಬ್ಬರ್ ಕಿಟ್ ಹಾಕಿ ಸುಧಾರಿಸುವ ಯತ್ನ ಬೇಡ, ಸಿಲಿಂಡರನ್ನೇ ಬದಲಿಸಬೇಕು. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಂದಿನ ಚಕ್ರಗಳಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿಸ್ಟನ್ ಕೈಯೊತ್ತಡಕ್ಕೆ ಸರಾಗವಾಗಿ ಹಿಂದೆ ಸರಿಯದಿದ್ದರೆ ಅದನ್ನೂ ಬಿಚ್ಚಬೇಕು. ರಬ್ಬರ್ ಹೋಸುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರಬಹುದು, ಆದ್ದರಿಂದ ಎಲ್ಲವನ್ನೂ ಹೊಸದಾಗಿ ಹಾಕುವುದೇ ಸರಿ. ಕೊನೆಗೆ, ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರದವರೆಗೆ ಗಾಳಿ ತೆಗೆಯುತ್ತ, ಸೀಲ್ ಒಡೆಯದ ಡಬ್ಬಿಯ ಡಾಟ್ 3 ದರ್ಜೆಯ ಬ್ರೇಕ್ ಆಯಿಲನ್ನು ತುಂಬಬೇಕು. ಅರ್ಧ ಬಳಸಿ ಗ್ಯಾರೇಜಿನ ಕಪಾಟಿನಲ್ಲಿಟ್ಟ ಡಬ್ಬಿಯನ್ನು ಮೆಕ್ಯಾನಿಕ್ ಕೈಗೆತ್ತಿಕೊಂಡರೆ ನಯವಾಗಿ ಬೇಡವೆನ್ನಿ.

ಜಿಪ್ಸಿಯ ಮುಂದಿನ ಆಕ್ಸಲ್ ಕಲಿಯಲು ಬಹಳವಿರುವ ಭಾಗ. ಇಲ್ಲಿ ಆಕ್ಸಲಿನ ಎರಡೂ ತುದಿಗಳಲ್ಲಿ ಚಕ್ರ ಎಡಬಲಕ್ಕೆ ತಿರುಗಲು ಬೇಕಾದ ಕೀಲು, ಅಂದರೆ ಗುಂಡಗಿನ ನಕಲ್ ಇದ್ದು, ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗಿನ ಮೇಲೆ ಅದು ತಿರುಗುತ್ತದೆ. ಒಂದು ವೇಗಕ್ಕೆ ಬಂದೊಡನೆ ಸ್ಟೇರಿಂಗ್ ಗಡಗಡ ನಡುಗಲು ಶುರುವಾದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಸುಮ್ಮನಾಗುವವರೇ ಹೆಚ್ಚು, ಆದರೆ ಬಹಳ ಸಲ ಕಾರಣವಿರುವುದು ಈ ಕಿಂಗ್‌ಪಿನ್ನಿನಲ್ಲಿ. ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಆಕ್ಸಲಿನ ಅಡಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಬೇಕು. ಆಟ, ಅಂದರೆ ಸಡಿಲ, ಕಂಡರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಬೇಕು: ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ವೀಲ್ ಬೇರಿಂಗಿನದು, ಆಗಲೂ ಉಳಿದರೆ ಕಿಂಗ್‌ಪಿನ್ನಿನದು. ಕಿಂಗ್‌ಪಿನ್ನಿನಲ್ಲಿ ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನು ತೆಗೆದು ಬಿಗಿ ಮಾಡಬಹುದು, ಆದರೆ ಬೇರಿಂಗಿನ ಮೈಯಲ್ಲಿ ರೋಲರುಗಳ ಅಚ್ಚು ಬಿದ್ದಿದ್ದರೆ ಬೇರಿಂಗನ್ನೇ ಬದಲಿಸದೆ ಬೇರೆ ದಾರಿಯಿಲ್ಲ.

ನಕಲಿನ ಹಿಂಬದಿಯಿಂದ ಕಪ್ಪು, ನೀರಾದ ಗ್ರೀಸ್ ಸೋರುವುದು ಇನ್ನೊಂದು ಸಾಮಾನ್ಯ ದೂರು. ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುವ ಡಿಫರೆನ್ಷಿಯಲಿನ ಆಯಿಲ್ ಆಕ್ಸಲಿನ ಒಳ ಸೀಲನ್ನು ದಾಟಿ ನಕಲಿಗೆ ನುಗ್ಗಿ, ಅಲ್ಲಿನ ಗ್ರೀಸನ್ನು ಕರಗಿಸಿದಾಗ ಹೀಗಾಗುತ್ತದೆ. ಹೊರಗಿನ ಸೀಲನ್ನು ಮಾತ್ರ ಬದಲಿಸಿದರೆ ಸೋರಿಕೆ ಮರಳಿ ಬರುತ್ತದೆ. ಒಳ ಸೀಲನ್ನು ಹಾಕಿಸುವುದರ ಜೊತೆಗೆ ಆಕ್ಸಲ್ ಹೌಸಿಂಗಿನ ಮೇಲಿರುವ ಗಾಳಿಕಿಂಡಿ, ಅಂದರೆ ಬ್ರೀದರನ್ನು ಬಿಚ್ಚಿ ಊದಿ ನೋಡಲೇಬೇಕು. ಅದು ಮಣ್ಣಿನಿಂದ ಮುಚ್ಚಿದ್ದರೆ ಬಿಸಿಯಾದ ಗಾಳಿಗೆ ಹೊರದಾರಿ ಸಿಗದೆ ಒತ್ತಡ ಏರಿ, ಹಾಕಿದ ಹೊಸ ಸೀಲನ್ನೂ ಆಯಿಲ್ ದಾಟುತ್ತದೆ. ಮಂಡ್ಯದ ನಾಲಾ ಪ್ರದೇಶದ ಕೆಸರಿನಲ್ಲಿ ಓಡಾಡುವ ಗಾಡಿಗಳಿಗೆ ಇದು ಮಾಮೂಲಿನ ಕಾಯಿಲೆ.

ಆಯಿಲ್ ಬದಲಿಸುವಾಗ ಯಾವಾಗಲೂ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿಕೊಳ್ಳಬೇಕು, ಏಕೆಂದರೆ ತುಕ್ಕು ಹಿಡಿದ ಆ ಬೋಲ್ಟು ಬಿಚ್ಚಲಾರದೆ ಹೋದರೆ ಖಾಲಿ ಮಾಡಿದ ಡಿಫರೆನ್ಷಿಯಲನ್ನು ಇಟ್ಟುಕೊಂಡು ಪೇಚಾಡಬೇಕಾಗುತ್ತದೆ. ಹೊರಬಂದ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಗೇರ್‌ಬಾಕ್ಸ್, ಅದರಿಂದ ಪ್ರತ್ಯೇಕವಾಗಿ ಕೂತು ಮುಂದಿನ ಹಿಂದಿನ ಆಕ್ಸಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್, ಹೀಗೆ ನಾಲ್ಕು ಕಡೆ ಆಯಿಲ್ ಇರುತ್ತದೆ. ಟ್ರಾನ್ಸ್‌ಫರ್ ಕೇಸನ್ನು ಮರೆಯುವವರು ಬಹಳ. ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳಿಗೆ ಗ್ರೀಸ್ ಹೊಡೆಯುವಾಗ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಬೇಕು.

ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಒಳಗೆ ನೋಡದೆ ಕಾರ್ಬುರೇಟರ್ ತೊಳೆದು ಪ್ರಯೋಜನವಿಲ್ಲ, ತುಕ್ಕಿನ ಪುಡಿ ಮತ್ತೆ ಬಂದು ಜೆಟ್ಟಿನಲ್ಲಿ ಕೂರುತ್ತದೆ. ತೂತು ಬಿದ್ದ ಟ್ಯಾಂಕಿಗೆ ಬೆಸುಗೆ ಹಾಕಿಸುವ ಯೋಚನೆ ಬೇಡ, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯಲು ಸಾಕು. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಗಾಡಿ ಬಹಳ ದಿನ ನಿಂತರೆ ತೇವವನ್ನೂ ಹೀರಿಕೊಳ್ಳುತ್ತದೆ. ಎಥನಾಲ್ ತಾಳುವ ಪೈಪುಗಳನ್ನು ಕೇಳಿ ತೆಗೆದುಕೊಳ್ಳಬೇಕು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಆ ಗಡಸು ನೀರು ಎಂಜಿನ್ನಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಮಾತ್ರ ಬಳಸಬೇಕು. ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ಮೆಕ್ಯಾನಿಕ್ಕುಗಳಿದ್ದಾರೆ. ಹಾಗೆ ಮಾಡಿದರೆ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿದು ಬೇಗ ಸವೆಯುತ್ತದೆ, ಮೂಲ ಕಾರಣವಾದ ಕಟ್ಟಿಕೊಂಡ ರೇಡಿಯೇಟರ್ ಹಾಗೆಯೇ ಉಳಿಯುತ್ತದೆ. ಟೈಮಿಂಗ್ ಬೆಲ್ಟಿನ ಇತಿಹಾಸ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಪ್ರಶ್ನೆಯಿಲ್ಲದೆ ಬದಲಿಸಬೇಕು.

ವೈರಿಂಗಿನಲ್ಲಿ ಸೇನೆಯವರು ಸೇರಿಸಿದ ತಂತಿಗಳು ಬೇರೆಯೇ ಇರುತ್ತವೆ. ರಾತ್ರಿ ಸಾಲಾಗಿ ಹೋಗುವಾಗ ಹಿಂದಿನ ಗಾಡಿಗೆ ದಾರಿ ತಿಳಿಯಲೆಂದು ಹಿಂದಿನ ಡಿಫರೆನ್ಷಿಯಲಿಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೀಳುವಂತೆ ಚಾಸಿಯ ಅಡಿಗೆ ಪುಟ್ಟ ದೀಪವಿಡುವುದು ನಮ್ಮ ಸೇನೆಯ ಪದ್ಧತಿ. ಆ ದೀಪವನ್ನು ಉಳಿಸಿಕೊಂಡರೆ ಅಂದವೇ, ಆದರೆ ಅದರ ತಂತಿಗೊಂದು ಫ್ಯೂಸ್ ಇರಲಿ. ಬಳಕೆಯಿಲ್ಲದ ತಂತಿಗಳನ್ನು ತುದಿಯವರೆಗೆ ಹುಡುಕಿ ತೆಗೆಯಬೇಕು. ಬ್ಯಾಟರಿಯ ಅರ್ತ್ ಕೂಡುವ ಜಾಗದ ಬಣ್ಣ ಕೆರೆದು ಬಿಗಿದರೆ ಅರ್ಧದಷ್ಟು ವಿದ್ಯುತ್ ದೋಷಗಳು ಅಲ್ಲಿಗೇ ಮುಗಿಯುತ್ತವೆ.

ಪದರ ಪದರವಾಗಿ ಬಳಿದ ಬಣ್ಣದಡಿಯ ತುಕ್ಕು ಕಣ್ಣಿಗೆ ಕಾಣದು. ಚಾಸಿಯನ್ನು, ಅದರಲ್ಲೂ ಸ್ಪ್ರಿಂಗ್ ಪಟ್ಟಿಗಳು ಕೂಡುವ ಬ್ರಾಕೆಟ್ಟುಗಳ ಸುತ್ತ, ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹ ಠಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಬೆಸುಗೆ ಹಾಕಿಸುವಾಗ ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿ ಬಿಚ್ಚಿರಬೇಕು. ಕಬ್ಬಿನ ಗದ್ದೆಯಿಂದ ಬಂದ ದಿನವೇ ಅಡಿಭಾಗ ತೊಳೆಯುವುದು ಯಾವ ಬಣ್ಣಕ್ಕಿಂತಲೂ ಹೆಚ್ಚು ಉಳಿಸುತ್ತದೆ.

ಎಲ್ಲ ಮುಗಿದ ಮೇಲೆ ಮೊದಲು ಖಾಲಿ ಮೈದಾನದಲ್ಲಿ, ಆಮೇಲೆ ಬೆಳಗಿನ ಹೊತ್ತು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಇಳಿದು ಬ್ರೇಕ್ ಪರೀಕ್ಷಿಸಬಹುದು; ಕೆಳಗೆ ಬಂದು ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈಯೊಡ್ಡಿದಾಗ ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಫೋರ್ ವೀಲ್ ಡ್ರೈವನ್ನು ಒಣಗಿದ ಟಾರು ರಸ್ತೆಯಲ್ಲಿ ಹಾಕಬಾರದು: ಈ ಗಾಡಿಯಲ್ಲಿ ಮುಂದು ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ತಿರುವಿನಲ್ಲಿ ಶಾಫ್ಟುಗಳು ಬಿಗಿದುಕೊಂಡು ಟ್ರಾನ್ಸ್‌ಫರ್ ಕೇಸ್ ಸವೆಯುತ್ತದೆ. ಆದರೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಮುಂದಿನ ಚಕ್ರಗಳನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಹಬ್ಬುಗಳನ್ನು ಲಾಕ್ ಮಾಡಿ ಸ್ವಲ್ಪ ದೂರ ಓಡಿಸಬೇಕು, ಇಲ್ಲವಾದರೆ ಮುಂದಿನ ಆಕ್ಸಲಿನ ಮೇಲ್ಭಾಗದ ಸೀಲುಗಳಿಗೆ ಆಯಿಲ್ ತಾಗದೆ ಅವು ಒಣಗುತ್ತವೆ.