ಪಟಪಟ ದೋಣಿಗೆ ಕೊನೆಗೂ ಸದ್ದು ಬಂತು

ತಾಮ್ರದ ಪೈಪನ್ನು ಸುರುಳಿ ಸುತ್ತಿ, ನೀರು ತುಂಬಿಸಿ ಕೆಳಗೆ ಮೇಣದಬತ್ತಿ ಇಟ್ಟರೆ ಆಟಿಕೆ ದೋಣಿ ಓಡುತ್ತದೆ. ಆದರೆ ಅದು ಮೂಗ ದೋಣಿ. 1950–60ರ ದಶಕದ ತಗಡಿನ ಆಟಿಕೆ ಸ್ಟೀಮರ್‌ಗಳ ಮಜಾ ಇದ್ದದ್ದೇ ಆ ಪಟಪಟ ಸದ್ದಿನಲ್ಲಿ, ಅಲ್ವಾ? ಬಾಯ್ಲರ್‌ನ ತಗಡು ಒಳಗೆ-ಹೊರಗೆ ಆಡಿದರೇ ಆ ಸದ್ದು, ಅದಕ್ಕೆ ತೆಳು ತಗಡಿನ ಚಪ್ಪಟೆ ಬಾಯ್ಲರ್ರೇ ಬೇಕು. ‘ಕೈಯಲ್ಲಿ ಆಗೋ ಕೆಲಸ ಅಲ್ಲ, ಬೆಸುಗೆ ಉರಿಗೆ ಬಿಟ್ಟುಕೊಳ್ಳುತ್ತೆ’ ಎಂದು ಗೆಳೆಯರು ನಕ್ಕಿದ್ದರು.

ಮೊದಲು ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಎಪಾಕ್ಸಿ ಅಂಟು ಹಾಕಿ ಬಾಯ್ಲರ್ ಮಾಡಿದೆ. ಚೆನ್ನಾಗಿಯೇ ಕೂಗಿತು. ನೀರು ಆರಿದ ಕೂಡಲೇ ಅಂಟು ಸುಟ್ಟು ಮನೆಯೆಲ್ಲ ನಾತ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ಕ್ಯಾಪಿಲರಿ ಟ್ಯೂಬೂ (ಕೂದಲೆಳೆಯಂಥ ತೂತಿನ ತಾಮ್ರದ ಕೊಳವೆ) ದಂಡ. ತೂತು ತೀರಾ ಸಣ್ಣದು, ನೀರು ಆಡುವುದೇ ಇಲ್ಲ. ಕಾಲಿಂಚಿನ ಪೈಪೇ ಸರಿ.

ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಪಾಲು) ದಪ್ಪದ ಹಿತ್ತಾಳೆ ಶಿಮ್, ಅಂದರೆ ತೆಳು ಹಾಳೆ ತಂದೆ. ಬೆಸುಗೆ ಹಾಕುವಾಗ ಅದು ಬಿಸಿಗೆ ನೆರಿಗೆ ಬೀಳುತ್ತದೆ. ನೆರಿಗೆ ಬಿತ್ತೋ, ಸದ್ದು ಹೋಯಿತು. ಎರಡು ಮರದ ತುಂಡುಗಳ ನಡುವೆ ಬಿಗಿದು, ಅಂಚನ್ನಷ್ಟೇ ಹೊರಗೆ ಬಿಟ್ಟು ಬೆಸೆದೆ. ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿದೆ. 60/40 (ತವರ-ಸೀಸದ) ಬೆಸುಗೆ ಕರಗಲು ಸುಮಾರು 190 ಡಿಗ್ರಿ ಬೇಕು. ಒಳಗೆ ನೀರಾಡುತ್ತಿರುವ ತನಕ ಅಷ್ಟು ಕಾಯುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ತಗಡು ‘ಟಿಕ್’ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕು. ಅದಕ್ಕೆ ತಗಡಿನಲ್ಲಿ ಸಣ್ಣ ತಗ್ಗು ಬೇಕು, ಅದನ್ನು ಯಾವ ಅಚ್ಚಿನ ಮೇಲೆ ತೆಗೆದೆ ಎಂದು ಮಾತ್ರ ಕೇಳಬೇಡಿ.

ಮೇಣದಬತ್ತಿ ಮಸಿ ಜಾಸ್ತಿ ಕಟ್ಟಿತು, ಕೊಬ್ಬರಿ ಎಣ್ಣೆ ಬತ್ತಿಗೆ ಬಂದೆ. ಈಗ ತೊಟ್ಟಿಯಲ್ಲಿ ಹತ್ತು ನಿಮಿಷಕ್ಕೂ ಮೇಲೆ ಸುತ್ತುತ್ತದೆ. ನಕ್ಕವರೇ ವಿಡಿಯೋ ಮಾಡಿಕೊಂಡು ಹೋದರು! ಹಾಳಾದದ್ದೂ ಸೇರಿ ಖರ್ಚು ಎರಡು ಸಾವಿರದ ಆಸುಪಾಸು. ಅರ್ಧ ದುಡ್ಡು ಶಿಮ್‌ಗೇ ಹೋಯಿತು, ಸಣ್ಣ ತುಂಡು ಕೊಡುವುದೇ ಇಲ್ಲ ಅವರು. ಎರಡು ಪೈಪಿನ ಬದಲು ಒಂದೇ ಪೈಪಿನ ದೋಣಿಯನ್ನೂ ಮಾಡಿ ನೋಡಿದೆ. ಓಡುತ್ತದೆ, ಆದರೆ ನೀರು ತುಂಬಿಸುವಷ್ಟರಲ್ಲಿ ಸಾಕಾಗುತ್ತದೆ.

ಇದೇ ಹುರುಪಿನಲ್ಲಿ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿಯ) ರೈಲಿನ ವೈಪಿ ಉಗಿ ಇಂಜಿನ್‌ನ ಮಾದರಿಗೂ ಕೈ ಹಾಕಿದ್ದೇನೆ. 1949ರಿಂದ 1970ರವರೆಗೆ ತಯಾರಾದ ಇಂಜಿನ್ ಅದು. ನನ್ನ ಮಾದರಿಗೆ 45 ಮಿ.ಮೀ. ಅಗಲದ ಹಳಿ, 1:22.5 ಅಳತೆ (ಅಸಲಿನ 22.5ರಲ್ಲಿ ಒಂದು ಪಾಲು). ನಾಲ್ಕೂವರೆ ಅಡಿಯ ದೊಡ್ಡ ಗಾಲಿ 61 ಮಿ.ಮೀ.ಗೆ ಇಳಿಯುತ್ತದೆ. ಲೇತ್‌ನವರು ಒಂದು ಗಾಲಿಗೆ ನಾನೂರು ಕೇಳುತ್ತಿದ್ದಾರೆ, ಅಂಥವು ಆರು ಬೇಕು. ಚೌಕಾಸಿ ನಡೆದಿದೆ.